ಇರುಳಿನ ಸಾರಥಿ

ನಾವು ಬೆಳಿಗ್ಗೆ ಕಣ್ಣು ತೆರೆಯುವ ವೇಳೆಗೆ ಪೇಟೆಗೆ ತರಕಾರಿ, ಹಣ್ಣು, ಹೂವು, ಮೀನುಗಳು ಬಂದು ಸೇರಿರುತ್ತವೆ. ಅವು ಎಲ್ಲಿಂದ ಬಂದವು, ಯಾವಾಗ ಬಂದವು ಎಂದು ನಾವು ಕೇಳುವುದು ಅಪರೂಪ. ನಾಡು ಮಲಗಿರುವಾಗ ಹೆದ್ದಾರಿಗಳಲ್ಲಿ ಲಾರಿಗಳ ಸಾಲು ಸಾಗುತ್ತಿರುತ್ತದೆ. ಪ್ರತಿಯೊಂದು ಲಾರಿಯಲ್ಲಿಯೂ ಒಬ್ಬ ಮನುಷ್ಯ ನಿದ್ದೆಯನ್ನು ತಡೆದು ಕುಳಿತಿರುತ್ತಾನೆ. ಅವನ ಈ ಎಚ್ಚರದಿಂದ ಸಮಾಜಕ್ಕೆ ದೊರೆಯುವ ಲಾಭವೇನು, ಅದಕ್ಕಾಗಿ ತೆರಬೇಕಾದ ಬೆಲೆಯೇನು, ಆ ಬೆಲೆಯನ್ನು ತೆರುವವರು ಯಾರು ಎಂಬುದನ್ನು ವಿಚಾರ ಮಾಡುವುದು ಉಚಿತವಾಗಿದೆ.

ಮೊದಲು ಲಾಭವನ್ನು ನೋಡೋಣ. ಕೋಲಾರದ ಮಾರುಕಟ್ಟೆಯಲ್ಲಿ ಹಗಲು ಹರಾಜಾದ ಟೊಮೇಟೊ ಸಂಜೆಯ ವೇಳೆಗೆ ಲಾರಿಯನ್ನೇರುತ್ತದೆ. 250 ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿರುವ ಚೆನ್ನೈನ ಕೋಯಂಬೇಡು ಸಗಟು ಮಾರುಕಟ್ಟೆಯಲ್ಲಿ ವ್ಯಾಪಾರವು ನಸುಕಿಗೆ ಮೊದಲೇ ಆರಂಭವಾಗುತ್ತದೆ. ಆ ವೇಳೆಗೆ ತಲುಪಿದ ಹಣ್ಣಿಗೆ ಒಂದು ಬೆಲೆ; ಬಿಸಿಲೇರಿದ ಮೇಲೆ ತಲುಪಿದ ಹಣ್ಣಿಗೆ ಇನ್ನೊಂದು ಬೆಲೆ. ಕೊಯ್ದ ಹಣ್ಣು ಕೂಡ ಉಸಿರಾಡುತ್ತದೆ. ಸೆಕೆ ಹೆಚ್ಚಿದಷ್ಟೂ ಅದು ಬೇಗ ಮಾಗಿ ಕೊಳೆಯುತ್ತದೆ. ರಾತ್ರಿಯ ತಂಪು ಅದನ್ನು ಕಾಪಾಡುತ್ತದೆ. ಮಂಗಳೂರಿನ ದಕ್ಕೆಯಲ್ಲಿ ಮಂಜುಗಡ್ಡೆಯೊಳಗಿಟ್ಟು ಘಟ್ಟದ ಮೇಲಕ್ಕೆ ಕಳುಹಿಸುವ ಮೀನಿಗೂ ಇದೇ ಮಾತು ಅನ್ವಯಿಸುತ್ತದೆ.

ತಂಪಿನ ಪ್ರಯೋಜನ ಸರಕಿಗೆ ಮಾತ್ರ ಸೀಮಿತವಲ್ಲ. ಕಾದ ರಸ್ತೆಯ ಮೇಲೆ ತುಂಬಿದ ಲಾರಿ ಓಡುವಾಗ ಟೈರುಗಳು ಮತ್ತಷ್ಟು ಬಿಸಿಯಾಗಿ ಸಿಡಿಯುವ ಭಯವಿರುತ್ತದೆ. ರಾತ್ರಿಯಲ್ಲಿ ಆ ಭಯ ಕಡಿಮೆ. ಎತ್ತಿನ ಗಾಡಿ, ಸೈಕಲ್ಲು, ಪಾದಚಾರಿಗಳ ಸಂದಣಿ ಇಲ್ಲದಿರುವುದರಿಂದ ಪದೇ ಪದೇ ಗೇರು ಬದಲಾಯಿಸುವ ಶ್ರಮ ತಪ್ಪುತ್ತದೆ, ಇಂಧನವೂ ಉಳಿಯುತ್ತದೆ. ಇದಲ್ಲದೆ, ಅನೇಕ ಮಹಾನಗರಗಳು ಹಗಲಿನ ಸಂದಣಿಯ ಹೊತ್ತಿನಲ್ಲಿ ಭಾರಿ ಲಾರಿಗಳನ್ನು ಒಳಗೆ ಬಿಡುವುದಿಲ್ಲ. ಹಗಲು ಶಾಲೆಗೆ ನಡೆದು ಹೋಗುವ ಮಕ್ಕಳ ಕ್ಷೇಮದ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ. ಆದರೆ ಇದರಿಂದ ಲಾರಿಯು ಅನಿವಾರ್ಯವಾಗಿ ರಾತ್ರಿಯ ಪಾಲಾಗುತ್ತದೆ ಎಂಬುದನ್ನು ಮರೆಯಬಾರದು.

ಇನ್ನು ನಷ್ಟದ ಕಡೆಗೆ ತಿರುಗೋಣ. ಮನುಷ್ಯನ ಮಿದುಳಿನಲ್ಲಿ ಸುಮಾರು 24 ಗಂಟೆಗಳ ಆವರ್ತದ ಒಂದು ಸಹಜ ಗಡಿಯಾರವಿದೆ. ದೇಹದ ಶಾಖ, ರಸಗಳ ಸ್ರಾವ, ನಿದ್ದೆ, ಎಚ್ಚರ ಇವೆಲ್ಲವೂ ಅದರ ಅಂಕೆಯಲ್ಲಿವೆ. ಇಂತಹ ಗಡಿಯಾರವು ಜೀವಕೋಶಗಳಲ್ಲಿ ಹೇಗೆ ನಡೆಯುತ್ತದೆಂಬುದನ್ನು ಕಂಡುಹಿಡಿದ ಹಾಲ್, ರಾಸ್‌ಬ್ಯಾಶ್ ಮತ್ತು ಯಂಗ್ ಎಂಬ ಅಮೆರಿಕದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಗಡಿಯಾರದ ಪ್ರಕಾರ ರಾತ್ರಿ 2ರಿಂದ ಬೆಳಗಿನ 5 ಗಂಟೆಯವರೆಗೆ ಮನುಷ್ಯನ ಎಚ್ಚರವು ತೀರ ಕೆಳಮಟ್ಟದಲ್ಲಿರುತ್ತದೆ. ಸರಕನ್ನು ಮಾರುಕಟ್ಟೆಗೆ ಮುಟ್ಟಿಸುವ ಆತುರವು ಮೇರೆ ಮುಟ್ಟುವುದೂ ಬಹುಮಟ್ಟಿಗೆ ಅದೇ ಹೊತ್ತಿನಲ್ಲಿ.

‘ಹಸಿವು ರುಚಿಯನ್ನರಿಯದು, ನಿದ್ರೆ ಸುಖವನ್ನರಿಯದು’ ಎಂಬುದು ನಮ್ಮ ನಾಣ್ನುಡಿ. ಬಳಲಿದವನಿಗೆ ನಿದ್ದೆ ಬರಲು ಹಾಸಿಗೆ ಬೇಕಿಲ್ಲ. ಕಣ್ಣು ತೆರೆದಿರುವಂತೆಯೇ ಮಿದುಳು ಕೆಲವು ಕ್ಷಣ ನಿದ್ರಿಸಬಹುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಲಾರಿಯು ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ದೂರವನ್ನು ಕ್ರಮಿಸುತ್ತದೆ. 4 ಸೆಕೆಂಡು ರೆಪ್ಪೆ ಮುಚ್ಚಿದರೆ ಸುಮಾರು 66 ಮೀಟರ್ ದೂರ ಲಾರಿಯು ಸಾರಥಿಯಿಲ್ಲದೆ ಓಡಿದಂತಾಗುತ್ತದೆ. 1997ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, 17 ಗಂಟೆ ಎಚ್ಚರವಿದ್ದವರ ಕೈ ಮತ್ತು ಕಣ್ಣುಗಳ ಹೊಂದಾಣಿಕೆಯು, ರಕ್ತದಲ್ಲಿ ನೂರಕ್ಕೆ 0.05ರಷ್ಟು ಮದ್ಯಸಾರವಿರುವವರ ಮಟ್ಟಕ್ಕೆ ಇಳಿದುದು ಕಂಡುಬಂದಿತು. ನಮ್ಮ ದೇಶದ ಕಾನೂನು ಚಾಲಕನಿಗೆ ವಿಧಿಸಿರುವ ಮಿತಿ 0.03. ಕುಡಿದು ಲಾರಿ ನಡೆಸುವವನನ್ನು ನಾವು ದಂಡಿಸುತ್ತೇವೆ; ನಿದ್ದೆಗೆಟ್ಟು ನಡೆಸುವವನನ್ನು ಶ್ರಮಜೀವಿ ಎಂದು ಹೊಗಳುತ್ತೇವೆ. ಅಪಾಯವಾದರೋ ಇಬ್ಬರಿಂದಲೂ ಒಂದೇ.

ಕತ್ತಲೆಯಿಂದಲೂ ತೊಂದರೆಗಳುಂಟು. ಎದುರಿನ ವಾಹನದ ಪ್ರಖರವಾದ ಬೆಳಕು ಕಣ್ಣಿಗೆ ಹೊಡೆದಾಗ ದೃಷ್ಟಿ ಮತ್ತೆ ಸರಿಹೋಗಲು ಕೆಲವು ಸೆಕೆಂಡುಗಳು ಬೇಕಾಗುತ್ತವೆ. ವಯಸ್ಸಾದಂತೆ ಈ ಅವಧಿ ಹೆಚ್ಚುತ್ತದೆ. ಹಿಂದೀಪವಿಲ್ಲದೆ ಕೆಟ್ಟು ನಿಂತ ಲಾರಿಯು ತೀರ ಸಮೀಪಕ್ಕೆ ಬರುವವರೆಗೆ ಕಾಣುವುದಿಲ್ಲ. ಅದರ ಸುತ್ತ ಎಚ್ಚರಿಕೆಗಾಗಿ ಇಟ್ಟ ಕಲ್ಲುಗಳನ್ನು ಹೊರಡುವಾಗ ತೆಗೆಯದೆ ಹೋದರೆ, ಅವೇ ಮತ್ತೊಬ್ಬನಿಗೆ ಮೃತ್ಯುವಾಗುತ್ತವೆ. ಅಡವಿಯ ದಾರಿಯಲ್ಲಿ ಮೂಕಪ್ರಾಣಿಗಳ ಪಾಡನ್ನೂ ನೆನೆಯಬೇಕು. ಬಂಡೀಪುರದ ಅರಣ್ಯವನ್ನು ಹಾದುಹೋಗುವ ಹೆದ್ದಾರಿಗಳಲ್ಲಿ ವನ್ಯಮೃಗಗಳು ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದುದರಿಂದ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನು ನಿಷೇಧಿಸಲಾಯಿತು. ಇರುಳು ಮನುಷ್ಯನೊಬ್ಬನ ಸ್ವತ್ತಲ್ಲ ಎಂಬುದನ್ನು ಈ ನಿಷೇಧವು ನೆನಪಿಸುತ್ತದೆ.

ಎಲ್ಲಕ್ಕಿಂತ ಮಿಗಿಲಾದ ನಷ್ಟ ಚಾಲಕನದು. ರಾತ್ರಿ ಕಳೆದುಕೊಂಡ ನಿದ್ದೆಯನ್ನು ಹಗಲು ಪಡೆಯಬಹುದೆಂದು ನಾವು ಭಾವಿಸುತ್ತೇವೆ. ಆದರೆ ಬಿಸಿಲು, ಬೆಳಕು, ಸದ್ದುಗಳ ನಡುವೆ ಲಾರಿಯ ಸೀಟಿನ ಮೇಲೆ ಅಥವಾ ನೆರಳಿಗಾಗಿ ಅದರ ಅಡಿಯಲ್ಲಿ ಮಲಗಿದವನ ನಿದ್ದೆಯು ಅಲ್ಪಾವಧಿಯದು, ಹಗುರವಾದುದು. ಹೊತ್ತು ತಪ್ಪಿದ ಊಟ ಮತ್ತು ಅನೇಕ ವರ್ಷಗಳ ನಿದ್ರಾಭಂಗದಿಂದ ಸಕ್ಕರೆ ಕಾಯಿಲೆ, ಹೃದಯದ ಬೇನೆಗಳ ಸಂಭವ ಹೆಚ್ಚುತ್ತದೆ. ಅವನ ಮಕ್ಕಳು ಶಾಲೆಯಿಂದ ಮರಳುವ ಹೊತ್ತಿಗೆ ಅವನು ಪಯಣಕ್ಕೆ ಸಿದ್ಧನಾಗುತ್ತಿರುತ್ತಾನೆ ಅಥವಾ ಪರವೂರಿನಲ್ಲಿರುತ್ತಾನೆ. ಹೀಗೆ ತಂಪಿನ ಲಾಭ ಸರಕಿಗೆ, ಹೊತ್ತಿನ ಲಾಭ ವರ್ತಕನಿಗೆ, ತಾಜಾತನದ ಲಾಭ ನಮಗೆ ದೊರೆತರೆ, ನಷ್ಟದ ಬಹುಭಾಗವು ಒಬ್ಬನ ದೇಹದ ಮೇಲೆಯೇ ಬೀಳುತ್ತದೆ.

ಹಾಗಾದರೆ ರಾತ್ರಿಯ ಸಂಚಾರವನ್ನು ನಿಲ್ಲಿಸಿಬಿಡಬೇಕೆ? ಅದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ರೈತನ ಬೆಳೆ ಕೊಳೆತರೆ ಆ ನಷ್ಟವೂ ಬಡವನದೇ. ನಿಲ್ಲಬೇಕಾದುದು ವಿಶ್ರಾಂತಿಯಿಲ್ಲದ ದುಡಿಮೆ. ಈ ವಿಷಯವನ್ನು ನಮ್ಮ ಸಂಸತ್ತು 1961ರಲ್ಲಿಯೇ ಮನಗಂಡಿತ್ತು. ಆ ವರ್ಷದ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತು. ದೂರದ ಮಾರ್ಗಗಳಲ್ಲಿ ವಿಶೇಷ ಅನುಮತಿ ಪಡೆದರೂ ದಿನಕ್ಕೆ 10 ಗಂಟೆ ಮೀರಬಾರದೆಂದು ವಿಧಿಸಿತು. ಆದರೆ ಅದು ಐವರು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯವಾಗುವಂತಹುದಾಗಿತ್ತು. ನಮ್ಮಲ್ಲಿ ಒಂದೆರಡು ಲಾರಿಗಳ ಮಾಲೀಕರೇ ಹೆಚ್ಚಾಗಿದ್ದುದರಿಂದ ಬಹುಮಂದಿ ಚಾಲಕರು ಅದರ ರಕ್ಷಣೆಯಿಂದ ಹೊರಗುಳಿದರು.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಬೆಂಗಳೂರಿನಿಂದ ಪುಣೆಗೆ ಸುಮಾರು 840 ಕಿಲೋಮೀಟರ್. ಗಂಟೆಗೆ ಸರಾಸರಿ 40 ಕಿಲೋಮೀಟರಿನಂತೆ ಸಾಗಿದರೆ 21 ಗಂಟೆಗಳು ಬೇಕು. ದಿನಕ್ಕೆ 8 ಗಂಟೆಯಂತೆ ದುಡಿಯುವ ಒಬ್ಬನಿಗೆ ಇದು ಮೂರು ದಿನದ ಕೆಲಸ. ಸರಕು ಮರುದಿನವೇ ತಲುಪಬೇಕೆಂದು ಒಬ್ಬನೇ ಚಾಲಕನಿಗೆ ಆಜ್ಞಾಪಿಸುವವನು, ಬಾಯಿಬಿಟ್ಟು ಹೇಳದಿದ್ದರೂ, ನಿದ್ದೆ ಮಾಡಬೇಡವೆಂದೇ ಆಜ್ಞಾಪಿಸಿದಂತೆ. ದೂರದ ದಾರಿಗೆ ಇಬ್ಬರು ಚಾಲಕರಿರಬೇಕು, ಇಲ್ಲವೇ ನಡುದಾರಿಯಲ್ಲಿ ಚಾಲಕನನ್ನು ಬದಲಾಯಿಸುವ ಏರ್ಪಾಡಿರಬೇಕು. ಹೆದ್ದಾರಿಯ ಬದಿಯಲ್ಲಿ ಲಾರಿಯನ್ನು ನಿರ್ಭಯವಾಗಿ ನಿಲ್ಲಿಸಿ ಮಲಗಲು ತಕ್ಕ ತಂಗುದಾಣಗಳಿರಬೇಕು. ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಚಾಲಕನ ಕೋಣೆಗೆ ಹವಾನಿಯಂತ್ರಣವನ್ನು ಕಡ್ಡಾಯಗೊಳಿಸಿರುವುದು ಸ್ವಾಗತಾರ್ಹ. ಹಗಲಿನ ಬೇಗೆಯು ತಗ್ಗಿದರೆ, ಕೆಡದ ಸರಕನ್ನಾದರೂ ಹಗಲಿನಲ್ಲಿ ಸಾಗಿಸಲು ಅನುಕೂಲವಾಗುತ್ತದೆ.

ಚಾಲಕನಿಗೂ ತನ್ನ ವಿಷಯದಲ್ಲಿ ವಿವೇಕ ಅಗತ್ಯ. ಚಹಾ ಕುಡಿದರೆ ಸ್ವಲ್ಪ ಕಾಲ ಎಚ್ಚರ ಬರುವುದು ನಿಜ. ಆದರೆ ಅದು ನಿದ್ದೆಯ ಸಾಲವನ್ನು ತೀರಿಸುವುದಿಲ್ಲ. ವಾಯಿದೆಯನ್ನು ಮುಂದೂಡುತ್ತದೆ, ಅಷ್ಟೆ. ಕಣ್ಣೆಳೆಯತೊಡಗಿದ ಕೂಡಲೆ ಲಾರಿಯನ್ನು ರಸ್ತೆಯಿಂದ ದೂರ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗುವವನು ಹೇಡಿಯಲ್ಲ. ತನ್ನ ಮತ್ತು ಪರರ ಪ್ರಾಣದ ಬೆಲೆಯನ್ನು ಬಲ್ಲವನು. ಹಾಗೆ ತಡವಾಗಿ ಬಂದವನ ಬಾಡಿಗೆಯನ್ನು ಕಡಿತ ಮಾಡದಿರುವುದು ಸರಕಿನ ಒಡೆಯನ ಕರ್ತವ್ಯ. ಒಂದು ದಿನ ಅಂಗಡಿಗೆ ತರಕಾರಿ ಒಂದು ಗಂಟೆ ತಡವಾಗಿ ಬಂದರೆ ತಾಳ್ಮೆಯಿಂದಿರುವುದು ನಮ್ಮೆಲ್ಲರ ಕರ್ತವ್ಯ.