ಒಂದು ವಿಮಾನ ಹಿಡಿಯಿರಿ, ಆಮೇಲೆ ಪುಸ್ತಕ

ಮಲೆನಾಡಿನ ಬಸರೀಕಟ್ಟೆಯಿಂದ ಬರೆದಿದ್ದೀರಿ. ಯುದ್ಧವಿಮಾನಗಳ ಮಾದರಿ ಕಟ್ಟಲು ಯಾವ ಪುಸ್ತಕ ಕೊಳ್ಳಲಿ ಎಂಬುದು ನಿಮ್ಮ ಪ್ರಶ್ನೆ. ಎಲ್ಲ ವಿಮಾನಗಳ ಮೇಲೂ ಒಂದೊಂದು ಪುಸ್ತಕ ಕೊಳ್ಳಹೋಗಬೇಡಿ, ದುಡ್ಡು ಕರಗುತ್ತದೆ. ನಮ್ಮ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಮಾರುತ್ ಯುದ್ಧವಿಮಾನದಿಂದಲೇ ಶುರುಮಾಡಿ. ಜರ್ಮನಿಯ ಫಾಕ್-ವುಲ್ಫ್ 190 ವಿಮಾನ ರೂಪಿಸಿದ ಕುರ್ಟ್ ಟ್ಯಾಂಕ್ ಅವರದೇ ವಿನ್ಯಾಸ ಅದು. 1961ರಲ್ಲಿ ಮೊದಲು ಹಾರಿ, 1971ರ ಭಾರತ-ಪಾಕ್ ಯುದ್ಧದಲ್ಲಿ ಹೋರಾಡಿತು.

ಮೊದಲು ಬೇಕಾದದ್ದು ಅಳತೆಯ ನಕ್ಷೆಗಳಿರುವ ಪುಸ್ತಕ. ಕೊಳ್ಳುವ ಮುನ್ನ ಸ್ಕೇಲ್ ಇಟ್ಟು ನೋಡಿ: ಮಾರುತ್‌ನ ರೆಕ್ಕೆಯಗಲ 9 ಮೀಟರ್, ಅಂದರೆ 1:72ರ ನಕ್ಷೆಯಲ್ಲಿ 125 ಮಿಲಿಮೀಟರ್ ಬರಬೇಕು. ಬರದಿದ್ದರೆ ಆ ನಕ್ಷೆ ನಂಬಬೇಡಿ. ಬಣ್ಣಕ್ಕೆ ಚಿತ್ರಕಾರ ಬರೆದ ಪಕ್ಕನೋಟಕ್ಕಿಂತ ಆ ಕಾಲದ ಫೋಟೊ ಮೇಲು. ಜಗನ್ ಮೋಹನ್ ಮತ್ತು ಸಮೀರ್ ಚೋಪ್ರಾ ಬರೆದ 1965ರ ವಾಯುಯುದ್ಧದ ಪುಸ್ತಕ ಇತಿಹಾಸಕ್ಕೆ ಒಳ್ಳೆಯದು, ಮಾದರಿ ಕಟ್ಟಲು ಅದೊಂದೇ ಸಾಲದು. ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟಿನ ಹಳೆಪುಸ್ತಕದಂಗಡಿಗಳನ್ನು ಜಾಲಾಡಿ. ಎಚ್‌ಎಎಲ್ ಮ್ಯೂಸಿಯಂನಲ್ಲಿ ಮಾರುತ್‌ನ ಚಕ್ರದ ಗೂಡು, ಹಿಂಬದಿಯ ಕೊಳವೆಗಳ ಫೋಟೊ ತೆಗೆದುಕೊಳ್ಳಿ. ಪುಸ್ತಕಗಳು ಹೆಚ್ಚಾಗಿ ತೋರಿಸದ ಜಾಗಗಳವು.

ಇನ್ನು ನಿಮ್ಮೂರಿನ ಮಳೆ. ನುಣುಪು ಹಾಳೆಯ ಪುಸ್ತಕ ಆಷಾಢದ ತೇವಕ್ಕೆ ಅಂಟಿಕೊಂಡರೆ ಬಿಡಿಸುವಾಗ ಚಿತ್ರವೇ ಕಿತ್ತು ಬರುತ್ತದೆ. ನನ್ನ ಒಂದು ಪುಸ್ತಕ ಹಾಗೇ ಹೋಯಿತು, ಇಂದಿಗೂ ಹೊಟ್ಟೆಯುರಿ. ಮಳೆ ಹಿಡಿಯುವ ಮೊದಲೇ ಬಿಗಿಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಪುಸ್ತಕ ನಿಲ್ಲಿಸಿಡಿ. ಅಟ್ಟಕ್ಕೆ ಮಾತ್ರ ಏರಿಸಬೇಡಿ, ಒಲೆಯ ಹೊಗೆ ಹಾಳೆಗೆ ಹಿಡಿಯುತ್ತದೆ.