ಬೆಳಕಿಗಾಗಿ ಕಾದವನ ನಿವೇದನೆ

ನಮ್ಮ ಬಂಧುವರ್ಗದಲ್ಲಿ ಮದುವೆಯೋ ಮುಂಜಿವೆಯೋ ಒದಗಿ, ಊಟವಾಗಿ, ಎಲೆ-ಅಡಿಕೆಯ ತಟ್ಟೆ ಕೈಯಿಂದ ಕೈಗೆ ಸಾಗತೊಡಗಿತೆಂದರೆ, ಕಳೆದ ನವರಾತ್ರಿಯ ರಜೆಯಲ್ಲಿ ನಾನು ಬಾದಾಮಿಯ ಕೆರೆಯ ದಂಡೆಯ ಮೇಲೆ ಒಂದು ಛಾಯಾಚಿತ್ರದ ಸಲುವಾಗಿ ಹಿಂದುಳಿದು, ಕೂಡಿ ಹೋದವರೆಲ್ಲರ ಪ್ರವಾಸವನ್ನು ಕೆಡಿಸಿದೆನೆಂಬ ಮಾತು ಎದ್ದೇ ಏಳುತ್ತದೆ. ಹೇಳುವವರು ನಮ್ಮ ಷಡ್ಡಕರು; ತಲೆದೂಗುವವರು ಅಂದು ಅಲ್ಲಿ ಇರದಿದ್ದವರು. ಹತ್ತು ಜನರ ನಡುವೆ ಕುಳಿತು ಇದಕ್ಕೆ ಉತ್ತರ ಹೇಳಹೊರಟರೆ ಜಗಳವಾಗುತ್ತದೆಯೇ ಹೊರತು ವಿಷಯ ತಿಳಿಯುವುದಿಲ್ಲವಾದ್ದರಿಂದ, ನಡೆದುದನ್ನು ನಡೆದಂತೆ ಬರೆದಿಡುವುದೇ ಮೇಲೆಂದು ತೋರಿದೆ. ಕ್ಯಾಮೆರಾ ಹಿಡಿದು ಪ್ರಸಿದ್ಧ ಸ್ಥಳಗಳಿಗೆ ಹೋಗಿ, ಮನೆಗೆ ಬಂದು ಚಿತ್ರಗಳನ್ನು ನೋಡಿ ನಿರಾಶರಾಗುವವರು ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ಪಟ್ಟಣದಲ್ಲಿ ಬಹಳ ಜನ ಇದ್ದಾರೆ. ಅವರಿಗೂ ಇದರಿಂದ ಏನಾದರೂ ಉಪಯೋಗವಾದೀತು.

ಇಂಥ ಸ್ಥಳಗಳಲ್ಲಿ ತೆಗೆದ ಚಿತ್ರಗಳು ಸಪ್ಪೆಯಾಗುವುದು ಬಹುಮಟ್ಟಿಗೆ ನಾವು ಅಲ್ಲಿ ಹೋಗಿ ನಿಂತ ಹೊತ್ತಿನ ದೆಸೆಯಿಂದ. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳದು ಮರಳುಗಲ್ಲು. ನಡುಹಗಲಿನಲ್ಲಿ ಅದು ಬಿಳಿಚಿಕೊಳ್ಳುತ್ತದೆ. ವಿಗ್ರಹಗಳ ಹುಬ್ಬಿನ ನೆರಳು ನೇರವಾಗಿ ಕಣ್ಣುಗಳ ಮೇಲೆ ಬಿದ್ದು ದೇವತೆಗಳ ಮುಖದಲ್ಲಿ ಕಪ್ಪು ಕುಳಿಗಳಲ್ಲದೆ ಬೇರೇನೂ ಉಳಿಯುವುದಿಲ್ಲ. ಅದೇ ಕಲ್ಲಿನ ಮೇಲೆ ಬೆಳಗಿನ ಅಥವಾ ಸಂಜೆಯ ಕಿರಣವು ಓರೆಯಾಗಿ ಹಾದಾಗ, ಕೊರಳಹಾರದ ಒಂದೊಂದು ಮಣಿಯೂ ತನ್ನ ನೆರಳನ್ನು ತಾನು ಹೊತ್ತುಕೊಂಡು ಬೇರೆಬೇರೆಯಾಗಿ ನಿಲ್ಲುತ್ತದೆ. ಎರಡನೆಯ ವಿಕ್ರಮಾದಿತ್ಯನು ಕಂಚಿಯ ಪಲ್ಲವರನ್ನು ಗೆದ್ದುದರ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿಯು ಸುಮಾರು 740ರಲ್ಲಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವು ಮೂಡಣಕ್ಕೆ ಮುಖಮಾಡಿ ನಿಂತಿರುವುದರಿಂದ ಅದಕ್ಕೆ ಬೆಳಗಿನ ಹೊತ್ತೇ ಬೇಕು. ಐಹೊಳೆಯ ದುರ್ಗ ದೇವಾಲಯದ ಗಜಪೃಷ್ಠವು, ಅಂದರೆ ದುಂಡಾದ ಹಿಂಬದಿಯು, ಪಡುವಣ ಬದಿಗಿರುವುದರಿಂದ ಅದು ಚೆಲುವಾಗಿ ಕಾಣುವುದು ಬಿಸಿಲು ಇಳಿದ ಮೇಲೆ. ಬಾದಾಮಿಯ ಕೆರೆಯಾದ ಅಗಸ್ತ್ಯತೀರ್ಥದ ಮೂಡಣ ಕೊನೆಯಲ್ಲಿ, ಹಿಂದೆ ಕೆಂಪು ಬಂಡೆಯ ಗೋಡೆ, ಮುಂದೆ ನೀರು, ಇವುಗಳ ನಡುವೆ ನಿಂತಿರುವ ಭೂತನಾಥನ ಗುಡಿಗೆ ಸಂಜೆಯ ಕೊನೆಯ ಗಳಿಗೆ. ಅಂದಮೇಲೆ ಒಂದೇ ದಿನದಲ್ಲಿ ಮೂರೂ ಆಗಲೇಬೇಕೆಂಬವರಿಗೆ ಸೂರ್ಯನೇ ದಾರಿಯ ಕ್ರಮವನ್ನು ಗೊತ್ತುಮಾಡಿಕೊಟ್ಟಿದ್ದಾನೆ. ಪಟ್ಟದಕಲ್ಲಿನಿಂದ ಬಾದಾಮಿ ಸುಮಾರು 22 ಕಿಲೋಮೀಟರು ಮಾತ್ರವಾದ್ದರಿಂದ ಅದನ್ನು ಪಾಲಿಸುವುದು ಕಷ್ಟವೂ ಅಲ್ಲ.

ಈ ಮಾತನ್ನು ನಾನು ಹೊರಡುವ ಮುನ್ನವೇ ಹೇಳಿದ್ದೆ. ಆದರೆ ಪ್ರವಾಸದ ಪಟ್ಟಿಯನ್ನು ಬರೆದವರು ಷಡ್ಡಕರು. ಮತ್ತು ಅವರು ಪಟ್ಟಿ ಬರೆಯುವುದು ಎಷ್ಟು ಊರುಗಳನ್ನು ಮುಟ್ಟಿದೆವೆಂದು ಮರುದಿನ ಎಣಿಸಿ ಹೇಳುವುದಕ್ಕೆ. ನಸುಕಿನಲ್ಲಿ ಹೊರಡಬೇಕಾದ ಟೆಂಪೋ, ಧಾರವಾಡದಲ್ಲಿ ಒಬ್ಬೊಬ್ಬರನ್ನೇ ಹತ್ತಿಸಿಕೊಂಡು, ಹುಬ್ಬಳ್ಳಿಯಲ್ಲಿ ಉಪಾಹಾರಕ್ಕೆ ನಿಂತು, ನವಲಗುಂದ-ನರಗುಂದಗಳನ್ನು ಹಾಯ್ದು ಕುಳಗೇರಿ ಕ್ರಾಸಿನಲ್ಲಿ ತಿರುಗುವಾಗ ಬಿಸಿಲು ನೆತ್ತಿಗೆ ಸಮೀಪಿಸಿತ್ತು. ಬನಶಂಕರಿಯಲ್ಲಿ ದರ್ಶನವಾಯಿತು. ಗುಡಿಯ ಆವರಣದಲ್ಲಿ ಬುಟ್ಟಿ ಹೊತ್ತು ಬರುವ ತಾಯಂದಿರು ಎಲೆಯ ಮೇಲೆ ಬಡಿಸಿದ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರುಗಳ ಊಟವಾಯಿತು. ಆ ಊಟದ ಬಗೆಗೆ ನನಗೆ ಯಾವ ದೂರೂ ಇಲ್ಲ. ಪಟ್ಟದಕಲ್ಲನ್ನು ನಾವು ಸೇರಿದ್ದು ಮಧ್ಯಾಹ್ನ ಒಂದು ಹೊಡೆದ ಮೇಲೆ.

ಆಗ ನಾನು ಮಾಡಿದ ಕೆಲಸವನ್ನು ಇಂಥದೇ ಸಂಕಟಕ್ಕೆ ಸಿಕ್ಕುವವರೆಲ್ಲರೂ ಮಾಡಬಹುದು: ಹೊರಗಿನ ಆಸೆಯನ್ನು ಬಿಟ್ಟು ಒಳಗೆ ಹೋಗುವುದು. ಹೊರಗೆ ಕಲ್ಲನ್ನು ಕೊಲ್ಲುವ ಅದೇ ಬಿಸಿಲು ನೆಲಹಾಸಿನ ಮೇಲೆ ಬಿದ್ದು, ಅಲ್ಲಿಂದ ಪುಟಿದು, ವಿರೂಪಾಕ್ಷ ದೇವಾಲಯದ ಮೂಡಣ ಮುಖಮಂಟಪದ ಒಳಛತ್ತಿನ ಭುವನೇಶ್ವರಿಯಲ್ಲಿರುವ ಸೂರ್ಯನನ್ನು ಕೆಳಗಿನಿಂದ ಬೆಳಗುತ್ತದೆ. ಒಳಗಿನ ಕಂಬಗಳ ಮೇಲಿನ ರಾಮಾಯಣ-ಭಾರತದ ಕಥಾಪಟ್ಟಿಕೆಗಳಿಗೆ ಜಾಲಂಧ್ರಗಳಿಂದ ಸೋಸಿ ಬಂದ ಬೆಳಕು ಸಿಗುತ್ತದೆ. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಥಳಗಳಲ್ಲಿ ಮೂರುಕಾಲಿನ ಸ್ಟ್ಯಾಂಡನ್ನು ಅನುಮತಿಯಿಲ್ಲದೆ ಬಳಸಕೂಡದಾದ್ದರಿಂದ, ಮೊಣಕೈಗಳನ್ನು ಪಕ್ಕೆಗೆ ಒತ್ತಿಹಿಡಿದು, ಉಸಿರು ಬಿಟ್ಟ ಕೊನೆಯಲ್ಲಿ ಗುಂಡಿಯನ್ನು ಒತ್ತಬೇಕು. ಫ್ಲ್ಯಾಶ್ ಬೆಳಕನ್ನು ಬಳಸಲೇಬಾರದು. ಶಿಲ್ಪಿಯು ನೆರಳಿನಿಂದ ಬರೆದುದನ್ನೆಲ್ಲ ಅದು ಒಂದೇ ಸಲಕ್ಕೆ ಒರೆಸಿಬಿಡುತ್ತದೆ.

ಐಹೊಳೆಯಲ್ಲಿ ಬೆಳಕು ಒಲಿದಿತ್ತು, ಆದರೆ ಅವಧಿ ಒಲಿಯಲಿಲ್ಲ. ಗಜಪೃಷ್ಠದ ಸುತ್ತಲಿನ ಕಂಬಸಾಲಿನ ಪ್ರದಕ್ಷಿಣಾಪಥದೊಳಗೆ ಇಳಿಬಿಸಿಲು ಕಂಬದ ಸಂದಿನಿಂದ ಸಂದಿಗೆ ನುಸುಳುತ್ತಿದ್ದ ಹೊತ್ತಿನಲ್ಲಿಯೇ ಡ್ರೈವರನ ಹಾರ್ನು ಕೇಳಿಬಂತು. ಎದ್ದು ಬಂದೆ. ಬಾದಾಮಿಯೊಂದನ್ನಾದರೂ ಬಿಟ್ಟುಕೊಡಬಾರದೆಂದು ಆಗಲೇ ನಿಶ್ಚಯಿಸಿಕೊಂಡು, ಟೆಂಪೋದಲ್ಲಿ ಎಲ್ಲರೂ ಕೇಳುವಂತೆ, ಸೂರ್ಯ ಮುಳುಗುವವರೆಗೆ ನಾನು ಭೂತನಾಥನ ಮುಂದೆ ಇರುವೆನೆಂದು ಸ್ಪಷ್ಟವಾಗಿ ಹೇಳಿದೆ. ಷಡ್ಡಕರು ಹೂಂ ಎಂದರು. ಈ ಹೂಂಕಾರವನ್ನು ಅವರು ಈಗ ನೆನೆಯುವುದಿಲ್ಲ.

ಉಳಿದವರು ಗುಹೆಗಳ ಮೆಟ್ಟಿಲೇರಿದರು. ನಾನು ಕೆರೆಯ ಬಡಗಣ ದಂಡೆ ಹಿಡಿದು ನಡೆದೆ. ಮಳೆಗಾಲ ಚೆನ್ನಾಗಿ ಆಗಿದ್ದುದರಿಂದ ನೀರು ತುಂಬಿತ್ತು. ಪಡುವಣ ಮೆಟ್ಟಿಲುಗಳ ಮೇಲೆ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಿದ್ದರು. ಕಲ್ಲಿಗೆ ಬಡಿದ ಸೀರೆಯ ಸದ್ದು ಎದುರಿನ ಬಂಡೆಗೆ ತಾಗಿ ಸ್ವಲ್ಪ ತಡೆದು ಮರಳಿ ಬರುತ್ತಿತ್ತು, ಮತ್ತು ಒಂದೊಂದು ಸೆಳೆತಕ್ಕೂ ಎದ್ದ ಸಣ್ಣ ತೆರೆಗಳು ಹರಡಿ ಹರಡಿ ಗುಡಿಯ ಬಿಂಬವನ್ನು ಚೂರುಚೂರು ಮಾಡುತ್ತಿದ್ದವು. ಬಿಂಬ ಬೇಕಾದರೆ ಒಗೆತ ಮುಗಿಯುವವರೆಗೆ ಕಾಯಬೇಕೆಂದು ಅರಿತೆ. ಅಷ್ಟರಲ್ಲಿ ಪಡುವಣದಲ್ಲಿ ದಟ್ಟವಾದ ಮುಗಿಲೊಂದು ಸೂರ್ಯನನ್ನು ನುಂಗಿತು. ಕೆಂಪು ಬಂಡೆ ಬೂದಿಬಣ್ಣಕ್ಕೆ ಇಳಿಯಿತು; ಏಳನೆಯ ಶತಮಾನದ ಗರ್ಭಗೃಹಕ್ಕೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕೂಡಿಸಿದ ಹೊರಮಂಟಪವು ಹಿಂದಿನ ಬಂಡೆಯಲ್ಲಿ ಕಲೆತುಹೋಗಿ, ಗುಡಿ ಎಲ್ಲಿ ಮುಗಿಯಿತು, ಬೆಟ್ಟ ಎಲ್ಲಿ ತೊಡಗಿತೆಂಬುದೇ ಕಾಣದಾಯಿತು. ಕೂಡಿದ್ದ ನೋಡುಗರು ಇನ್ನೇನೂ ಇಲ್ಲವೆಂದು ಒಬ್ಬೊಬ್ಬರಾಗಿ ಹೊರಟುಹೋದರು.

ನಾನು ಹೋಗಲಿಲ್ಲ. ಮುಗಿಲಿನ ಕೆಳಗೆ, ದಿಗಂತದ ಮೇಲೆ, ಒಂದು ಸಣ್ಣ ಬಿಳಿಯ ಸೀಳು ಉಳಿದಿತ್ತು. ಸೂರ್ಯನು ಮುಳುಗುವ ಮುನ್ನ ಅದರೊಳಗೆ ಹಾಯಲೇಬೇಕೆಂಬುದು ನನ್ನ ಲೆಕ್ಕವಾಗಿತ್ತು. ಆಗ ಫೋನು ಬಂತು. ಅನಂತರ ಹುಡುಗನೊಬ್ಬನನ್ನು ಕಳಿಸಿದರು. ಕೊನೆಗೆ ಷಡ್ಡಕರೇ ಏದುಸಿರು ಬಿಡುತ್ತ ಬಂದು, ಕ್ಯಾಮೆರಾದ ಮುಂದೆಯೇ ನಿಂತು, "ಏನ್ರೀ ಇದು? ಇಂಥಾ ಫೋಟೋ ನೆಟ್‌ನ್ಯಾಗ ಬೇಕಾದಷ್ಟು ಅದಾವ. ಬೆಂಗಳೂರ ಮಂದಿಗೆ ರೈಲ ಐತಿ, ನಡೀರಿ ಲಗೂ" ಎಂದರು. ನಮ್ಮೊಡನೆ ಬಂದಿದ್ದ ಬೆಂಗಳೂರಿನವರ ರೈಲು ಹುಬ್ಬಳ್ಳಿಯಿಂದ ಹೊರಡುವುದಕ್ಕೆ ಇನ್ನೂ ಐದು ತಾಸಿಗೆ ಮೇಲಿತ್ತು. ದಾರಿ ಮೂರು ತಾಸಿನದಲ್ಲ. ಹಾಗೆಂದು ಹೇಳಿದೆ. ಸೂರ್ಯ ಸತ್ತುಹೋಗಿದ್ದಾನೆ, ಇನ್ನು ಏನು ತೆಗೆಯುತ್ತೀರೆಂದು ಅವರು ಕೈ ತೋರಿಸಿದರು. ಕಾಲು ತಾಸು ಕೊಡಿರೆಂದು ಬೇಡಿದೆ. ಅವರು ತಿರುಗಿ ನಡೆದವರು ಮತ್ತೆ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಫೋನಿನಲ್ಲಿ ಒಂದೇ ವಾಕ್ಯ ಕೇಳಿಸಿತು: "ನಾವು ಹೊಂಟ್ವಿ." ನನ್ನ ಹೆಂಡತಿಯೂ ಆ ಟೆಂಪೋದಲ್ಲಿಯೇ ಇದ್ದಳು, ನಾನು ಬಸ್ಸಿನಲ್ಲಿ ಬರಲು ಒಪ್ಪಿದ್ದೇನೆಂದು ಅವಳಿಗೆ ತಿಳಿಸಲಾಗಿತ್ತಂತೆ. ಈ ಒಂದು ಮಾತನ್ನು ಮಾತ್ರ ನಾನು ಇಂದಿಗೂ ಕ್ಷಮಿಸಲಾರದವನಾಗಿದ್ದೇನೆ.

ಆ ಗಳಿಗೆಯಲ್ಲಿ ಎದೆ ಕುಸಿದುದು ನಿಜ. ಪರಸ್ಥಳ, ಇಳಿಹೊತ್ತು, ಮುಗಿಲು ಕವಿದ ಆಕಾಶ, ಜೊತೆಗಾರರಿಲ್ಲ, ಚಿತ್ರವೂ ಇಲ್ಲ. ಬಟ್ಟೆ ಬಡಿಯುವ ಸದ್ದು ನಿಂತಿತು. ಗಾಳಿಯೂ ಬಿದ್ದಿತು. ನೀರು ಸಮವಾಗುತ್ತ ಸಮವಾಗುತ್ತ ಬಂದು, ಬೂದಿಬಣ್ಣದ ಗುಡಿಯ ತಲೆಕೆಳಗಾದ ಬಿಂಬವು ಕಂಬಕಂಬವಾಗಿ ಕೂಡಿಕೊಂಡಿತು. ಆಗ ಮೊದಲು ಬೆಳಗಿದ್ದು ಬಂಡೆಯ ಅಂಚು. ಮರುಕ್ಷಣ ಇಡೀ ಗೋಡೆ. ಅದರ ಬೆನ್ನಿಗೆ ಶಿಖರ, ಮಂಟಪದ ಚಾಚು, ಕಂಬಗಳು, ನೀರಿಗಿಳಿದ ಮೆಟ್ಟಿಲು, ಎಲ್ಲವೂ ಮುಗಿಲಿನ ಕೆಳಗಿನ ಸೀಳಿನಿಂದ ಮಟ್ಟಸವಾಗಿ ಹೊರಟ ಬೆಳಕಿನಲ್ಲಿ ಕೆಂಡದಂತೆ ಕೆಂಪೇರಿದವು. ಮೇಲೆ ಮಾತ್ರ ಮುಗಿಲು ಕಡುನೀಲಿಯಾಗಿಯೇ ಉಳಿದಿತ್ತು. ಚೌಕಟ್ಟನ್ನು ಮೊದಲೇ ಗೊತ್ತುಮಾಡಿಕೊಂಡಿದ್ದುದರಿಂದ ತಡಕಾಡುವ ಪ್ರಸಂಗ ಬರಲಿಲ್ಲ. ಬೆಳಗಿದ ಬಂಡೆಗೆ ಬೆಳಕನ್ನು ಅಳೆದು, ಅದರಿಂದಲೂ ಒಂದು ಮೆಟ್ಟಿಲು ಇಳಿಸಿ ತೆಗೆದೆ. ಆಗ ಒದ್ದೆ ಬಟ್ಟೆಯ ಬುಟ್ಟಿ ಹೊತ್ತ ಹೆಣ್ಣುಮಗಳೊಬ್ಬಳು ದಂಡೆಯಗುಂಟ ನಡೆದು ಬಂದು, ನನಗೆ ಬೆನ್ನಾಗಿ, ಗುಡಿಯ ಕೆಳಗೆ ಹಾದುಹೋದಳು. ನಿರ್ಜನವಾದ ಚಿತ್ರಗಳೂ ನನ್ನ ಬಳಿ ಇವೆ. ಆದರೆ ಆ ಬಂಡೆಯ ಎತ್ತರವೆಷ್ಟು, ಮನುಷ್ಯನ ಅಳತೆಯೆಷ್ಟೆಂಬುದು ಕಾಣುವುದು ಅವಳಿರುವ ಚಿತ್ರದಲ್ಲಿ ಮಾತ್ರ. ಪ್ರಸಿದ್ಧ ಸ್ಥಳದ ಜನಜಂಗುಳಿಯನ್ನು ಶಪಿಸುವವರು ಎಲ್ಲರೂ ತೊಲಗಲೆಂದು ಕಾಯುವ ಬದಲು, ಒಬ್ಬರೇ ಸರಿಯಾದ ಜಾಗಕ್ಕೆ ಬರಲೆಂದು ಕಾದು ನೋಡಲಿ.

ಅನಂತರದ್ದು ಕತ್ತಲೆ. ಓಣಿಗಳನ್ನು ದಾಟಿ ಬಸ್ ನಿಲ್ದಾಣ, ಅಲ್ಲಿಂದ ಕುಳಗೇರಿ ಕ್ರಾಸು. ಚಹದ ಅಂಗಡಿಯ ಬೆಂಚಿನ ಮೇಲೆ, ಜೀವ ಹೋದ ಫೋನನ್ನು ಕೈಯಲ್ಲಿ ಹಿಡಿದುಕೊಂಡು, ವಿಜಯಪುರದ ಕಡೆಯಿಂದ ಬರುವ ಹುಬ್ಬಳ್ಳಿ ಬಸ್ಸಿನ ದಾರಿ ಕಾದೆ. ಬಂದ ಬಸ್ಸುಗಳೆಲ್ಲ ತುಂಬಿ ಬಂದವು. ನವಲಗುಂದದವರೆಗೆ ನಿಂತೇ ಬಂದೆ. ನಡುರಾತ್ರಿಗೆ ಮನೆ ಸೇರಿದಾಗ ಹೆಂಡತಿ ಎಚ್ಚರವಾಗಿಯೇ ಇದ್ದಳು. ಬೆಂಗಳೂರಿನವರಿಗೆ ರೈಲು ಸುಖವಾಗಿ ಸಿಕ್ಕಿತ್ತು, ನಿಲ್ದಾಣದಲ್ಲಿ ಬಹಳ ಹೊತ್ತು ಕಾದು ಕುಳಿತಿದ್ದರೆಂದೂ ತಿಳಿಯಿತು.

ನೆಟ್ಟಿನಲ್ಲಿ ಬೇಕಾದಷ್ಟು ಚಿತ್ರಗಳಿವೆಯೆಂಬ ಮಾತಿಗೆ ಅಂದು ಉತ್ತರ ಹೊಳೆಯಲಿಲ್ಲ, ಈಗ ಹೇಳುತ್ತೇನೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು 1856ರಲ್ಲಿ, ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯನ್ನು ಚಿತ್ರಿಸಿದನು. ಹಂಪಿಯ ಕಲ್ಲಿನ ತೇರಿನ ಮೇಲೆ ಒಂದು ಕಾಲಕ್ಕೆ ಇಟ್ಟಿಗೆಯ ಶಿಖರವಿದ್ದುದನ್ನು ಇಂದು ನಾವು ಕಣ್ಣಾರೆ ಕಾಣುವುದು ಅವನ ಚಿತ್ರದಲ್ಲಿ. ಶಿಖರ ಹೋಯಿತು, ಚಿತ್ರ ಉಳಿಯಿತು. ನಮ್ಮ ಸೀಮೆಯ ಗುಡಿಗಳನ್ನು ಪಿಗೂ, ನೀಲ್, ಬಿಗ್ಸ್ ಎಂಬವರು ಚಿತ್ರಿಸಿದ್ದು 1866ರಲ್ಲಿ ಲಂಡನ್ನಿನಲ್ಲಿ, ಧಾರವಾಡ-ಮೈಸೂರುಗಳ ವಾಸ್ತುಶಿಲ್ಪವೆಂಬ ಗ್ರಂಥವಾಗಿ ಅಚ್ಚಾಯಿತು. ಅದಕ್ಕೆ ಚರಿತ್ರೆಯನ್ನು ಬರೆದವನು ಮೆಡೋಸ್ ಟೇಲರ್, ಶಿಲ್ಪದ ಟಿಪ್ಪಣಿಗಳನ್ನು ಬರೆದವನು ಜೇಮ್ಸ್ ಫರ್ಗುಸನ್. ಒಬ್ಬನು ಅದಾಗಲೇ ಚಿತ್ರ ತೆಗೆದಾಯಿತೆಂದು ಮತ್ತೊಬ್ಬನು ತನ್ನ ಪೆಟ್ಟಿಗೆಯನ್ನು ಮುಚ್ಚಿಟ್ಟುಕೊಳ್ಳಲಿಲ್ಲ. ಒಂದು ಕಲ್ಲಿನ ಚಿತ್ರ ಆ ದಿನದ ಚಿತ್ರವೂ ಹೌದು. ಆ ಅಕ್ಟೋಬರದ ಮುಗಿಲು, ಆ ಬುಟ್ಟಿ, ಆ ನಿಂತ ನೀರು ಮತ್ತಾರ ಬಳಿಯಲ್ಲಿಯೂ ಇಲ್ಲ.

ಇಷ್ಟು ದೂರ ಹೋಗಲಾರದವರು ನಮ್ಮ ಉಣಕಲ್ಲಿನ ಚಂದ್ರಮೌಳೇಶ್ವರನಲ್ಲಿ ಅಭ್ಯಾಸ ಮಾಡಬಹುದು. ನಾಲ್ಕು ದಿಕ್ಕಿಗೂ ಬಾಗಿಲುಗಳಿರುವುದರಿಂದ, ಒಂದು ಬಾಗಿಲಿನ ಜಾಲಂಧ್ರದ ಕೊರೆತವನ್ನು ಎದುರು ಬಾಗಿಲಿನ ಬೆಳಕಿಗೆ ಹಿಡಿದು ನೋಡುವ ಅನುಕೂಲ ಅಲ್ಲಿದೆ. ಸುತ್ತ ಮನೆಗಳು ಒತ್ತಿ ಬಂದಿರುವುದರಿಂದ ಹಿಂದೆ ಸರಿಯಲು ಜಾಗ ಸಾಲದು. ಮೊಬೈಲನ್ನು ಮೇಲಕ್ಕೆ ವಾಲಿಸಿದರೆ ಗೋಡೆಗಳೆಲ್ಲ ಹಿಂದಕ್ಕೆ ಬೀಳುವಂತೆ ಕಾಣುತ್ತವೆ. ಅಂಥಲ್ಲಿ ಇಡೀ ಗುಡಿಯ ಹಂಬಲವನ್ನು ಬಿಟ್ಟು ಒಂದು ಬಾಗಿಲುವಾಡ, ಒಂದು ನಂದಿ, ಒಂದು ಕಂಬದ ನುಣುಪು ಸಾಕು. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ 1507 ಮೀಟರಿನ ಪ್ಲಾಟ್‌ಫಾರ್ಮಿನದೂ ಇದೇ ಸಮಸ್ಯೆ: 2023ರ ಮಾರ್ಚಿನಲ್ಲಿ ಅದರ ಉದ್ಘಾಟನೆಯಾದ ಮೇಲೆ ಲೋಕದಲ್ಲಿಯೇ ಉದ್ದವಾದದ್ದೆಂದು ಎಲ್ಲರೂ ಫಲಕದ ಮುಂದೆ ನಿಂತು ತೆಗೆಸಿಕೊಳ್ಳುತ್ತಾರೆ, ಉದ್ದ ಮಾತ್ರ ಯಾವ ಚಿತ್ರದಲ್ಲಿಯೂ ಬರುವುದಿಲ್ಲ. ಮೊಣಕಾಲೂರಿ ಕುಳಿತು, ಅಂಚಿನ ಹಳದಿ ಪಟ್ಟಿಯನ್ನು ಚೌಕಟ್ಟಿನ ಮೂಲೆಯಿಂದ ಹೊರಡಿಸಿ, ದೂರದಲ್ಲಿ ನಡೆಯುವ ಒಬ್ಬ ಹಮಾಲನವರೆಗೆ ಒಯ್ದರೆ ಅಷ್ಟಿಷ್ಟು ಬಂದೀತು. ಮೊಬೈಲಿನವರು ತೆರೆಯಲ್ಲಿ ಬೆಳಕಾದ ಭಾಗವನ್ನು ಮುಟ್ಟಿ, ಮೂಡಿದ ಸೂರ್ಯನ ಚಿಹ್ನೆಯನ್ನು ಕೊಂಚ ಕೆಳಕ್ಕೆ ಎಳೆಯಬೇಕು. ಬ್ಯಾಟರಿಗೆ ಬದಲಿ ವ್ಯವಸ್ಥೆ ಇರಬೇಕು. ಮರಳುವ ಬಸ್ಸಿನ ವೇಳೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿರಬೇಕು.

ಬರುವ ಮಾಘದಲ್ಲಿ ಲಕ್ಕುಂಡಿಗೆ ಹೋಗುವುದೆಂದು ಮನೆಯಲ್ಲಿ ಮಾತಾಗಿದೆ; ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ, ಕಾಶಿವಿಶ್ವೇಶ್ವರ, ಮುಸುಕಿನ ಬಾವಿ. ಪಟ್ಟಿಯನ್ನು ಈ ಸಲ ನಾನೇ ಬರೆದಿದ್ದೇನೆ. ಅದರಲ್ಲಿ ಒಂದೇ ಊರಿದೆ, ಅದರ ಎದುರಿಗೆ ಸೂರ್ಯೋದಯದ ಮತ್ತು ಸೂರ್ಯಾಸ್ತದ ವೇಳೆಗಳಿವೆ. ಷಡ್ಡಕರಿಗೂ ಒಂದು ಪ್ರತಿಯನ್ನು ಕಳಿಸಿದ್ದೇನೆ. ಬರುತ್ತೇನೆಂದೂ ಬರುವುದಿಲ್ಲವೆಂದೂ ಅವರಿನ್ನೂ ಹೇಳಿಲ್ಲ.