ವಿಮಾನ ಮೇಲೇಳುವ ಹೊತ್ತು

ನಟಿ ಸೌಂದರ್ಯ ಅವರ ಹೆಸರು ಕೇಳಿದ್ದೀರಲ್ಲ? 'ದ್ವೀಪ' ಸಿನಿಮಾದಲ್ಲಿ ನಾಗಿಯಾಗಿ ನಟಿಸಿದವರು. ಆ ಸಿನಿಮಾಕ್ಕೆ ದುಡ್ಡು ಹಾಕಿದವರೂ ಅವರೇ.

ಅದು ನಮ್ಮ ಕಡೆಯ ಕತೆ. ಅಣೆಕಟ್ಟಿನ ನೀರು ಏರಿ ಊರು ಮುಳುಗುವ ಕತೆ. ಲಿಂಗನಮಕ್ಕಿ ಅಣೆಕಟ್ಟಿನಿಂದ ಸಾಗರ, ಹೊಸನಗರ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಮುಳುಗಿದವು. ಕತೆ ಬರೆದವರು ಸಾಗರದ ನಾ. ಡಿಸೋಜ. ಸಿನಿಮಾ ಮಾಡಿದವರು ತೀರ್ಥಹಳ್ಳಿ ತಾಲ್ಲೂಕಿನ ಗಿರೀಶ್ ಕಾಸರವಳ್ಳಿ.

ಸೌಂದರ್ಯ ಈಗ ಇಲ್ಲ. 2004ರ ಏಪ್ರಿಲ್ 17ರಂದು ಅವರು ಬೆಂಗಳೂರಿನ ಜಕ್ಕೂರಿನಲ್ಲಿ ಒಂದು ಸಣ್ಣ ವಿಮಾನ ಹತ್ತಿದರು. ಚುನಾವಣೆ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟಿದ್ದರು. ಜೊತೆಗೆ ಅವರ ಸೋದರ ಇದ್ದರು. ವಿಮಾನದಲ್ಲಿ ಒಟ್ಟು ನಾಲ್ಕು ಜನ. ವಿಮಾನ ನೆಲ ಬಿಟ್ಟು ಮೇಲೆದ್ದಿತು. ಸ್ವಲ್ಪ ಹೊತ್ತಿನಲ್ಲೇ ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಜಾಗದಲ್ಲಿ ಬಿದ್ದು ಹೊತ್ತಿ ಉರಿಯಿತು. ನಾಲ್ಕೂ ಜನ ತೀರಿಕೊಂಡರು.

ವಿಮಾನ ಮೇಲೇಳುವಾಗ ಅಪಾಯ ಯಾಕೆ ಹೆಚ್ಚು?

ಹಿನ್ನೀರಿನಲ್ಲಿ ನೀರುಕಾಗೆಯನ್ನು ನಾವು ನೋಡಿದ್ದೇವೆ. ಅದು ಕೂತಲ್ಲಿಂದ ಒಮ್ಮೆಲೇ ಹಾರಲ್ಲ. ನೀರಿನ ಮೇಲೆ ಸ್ವಲ್ಪ ದೂರ ಓಡಿ, ಆಮೇಲೆ ಮೇಲೇಳುತ್ತೆ. ವಿಮಾನವೂ ಹಾಗೇ. ಮೊದಲು ನೆಲದ ಮೇಲೆ ಜೋರಾಗಿ ಓಡಬೇಕು. ಆಗ ರೆಕ್ಕೆಯ ಮೇಲೂ ಕೆಳಗೂ ಗಾಳಿ ರಭಸವಾಗಿ ಹರಿಯುತ್ತದೆ. ಆ ಗಾಳಿಯೇ ವಿಮಾನವನ್ನು ಎತ್ತುತ್ತದೆ. ವೇಗ ತೀರಾ ಕಡಿಮೆಯಾದರೆ ರೆಕ್ಕೆ ಭಾರ ಹೊರಲಾರದು.

ತುಂಬಾ ಎತ್ತರದಲ್ಲಿ ಎಂಜಿನ್ ನಿಂತರೆ ವಿಮಾನ ಕಲ್ಲಿನ ಹಾಗೆ ಬೀಳಲ್ಲ. ಪೈಲಟ್ ಅದನ್ನು ತೇಲಿಸಿಕೊಂಡು ಬಂದು, ಬಯಲು ನೋಡಿ ಇಳಿಸಬಹುದು. ಆದರೆ ಆಗ ತಾನೇ ನೆಲ ಬಿಟ್ಟಿದ್ದರೆ ಎತ್ತರವೂ ಇಲ್ಲ, ಸಮಯವೂ ಇಲ್ಲ. ದೂರದ ಊರಿಗೆ ಬೇಕಾದ ಎಣ್ಣೆಯೂ ಟ್ಯಾಂಕಿನಲ್ಲಿ ಇರುತ್ತೆ. ಬಿದ್ದರೆ ಬೆಂಕಿ ಬೇಗ ಹತ್ತುತ್ತೆ.

ಅದಕ್ಕೇ ಹೊರಡುವ ಮುಂಚೆಯೇ ಎಲ್ಲ ನೋಡಬೇಕು. ಎಂಜಿನ್ ಸರಿ ಇದೆಯಾ? ಗಾಳಿ ಹೇಗಿದೆ? ಜನ, ಸಾಮಾನು ಸೇರಿ ತೂಕ ಎಷ್ಟು? ಒಂದು ಸರಿ ಇಲ್ಲದಿದ್ದರೂ ಹೊರಡಬಾರದು. ಯಾರು ಅವಸರ ಮಾಡಿದರೂ ಕೇಳಬಾರದು.

2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ನಾಳೆ ನಾವೂ ವಿಮಾನ ಹತ್ತಬಹುದು. ಬೆಲ್ಟು ಹಾಕಿಕೊಳ್ಳಿ ಅಂದರೆ ಹಾಕಿಕೊಳ್ಳೋಣ. ಹೊರಗೆ ಹೋಗುವ ಬಾಗಿಲು ಎಲ್ಲಿದೆ ಅಂತ ನೋಡಿಕೊಳ್ಳೋಣ. ಹೊರಡುವುದು ತಡವಾದರೆ ಬೈಯೋದು ಬೇಡ. ಅವರು ನೋಡ್ತಾ ಇರೋದು ನಮ್ಮ ಜೀವ ಉಳಿಯಲಿ ಅಂತ.

ಉತ್ತರ ಹೇಳಿ:
1. ನೀರುಕಾಗೆಗೂ ವಿಮಾನಕ್ಕೂ ಏನು ಹೋಲಿಕೆ?
2. ನೆಲ ಬಿಟ್ಟ ಕೂಡಲೇ ಎಂಜಿನ್ ಕೆಟ್ಟರೆ ಅಪಾಯ ಯಾಕೆ ಹೆಚ್ಚು?
3. ನಮ್ಮೂರಿನ ಜೀಪಿನಲ್ಲಿ ಹೆಚ್ಚು ಜನ ತುಂಬಿದರೆ ನಾವು ಏನು ಮಾಡಬೇಕು? ಕೂತು ಮಾತಾಡಿ.